ಜ್ಯೂಸರ್ ತಗೊಳ್ಳಲಾ, ಬ್ಲೆಂಡರ್ ತಗೊಳ್ಳಲಾ? ತರಕಾರಿ ತಿನ್ನದವನ ಪ್ರಶ್ನೆ

ತರಕಾರಿದೂರ
ನಮಸ್ಕಾರ ಎಲ್ಲರಿಗೂ. ನನಗೆ ತರಕಾರಿ ಸೇರುವುದಿಲ್ಲ. ತಟ್ಟೆಯಲ್ಲಿ ಬದಿಗೆ ಸರಿಸುವ ಅಭ್ಯಾಸ ಚಿಕ್ಕಂದಿನಿಂದ ಇದೆ, ಈಗ ವಯಸ್ಸು 41. ಹೋದ ತಿಂಗಳು ರಕ್ತಪರೀಕ್ಷೆ ರಿಪೋರ್ಟ್ ನೋಡಿದ ಡಾಕ್ಟರ್ "ಸೊಪ್ಪು, ತರಕಾರಿ ಜಾಸ್ತಿ ಮಾಡಿ" ಅಂದರು. ತಿನ್ನುವುದು ನನ್ನ ಕೈಲಾಗುವುದಿಲ್ಲ, ಕುಡಿದುಬಿಡೋಣ ಅಂದುಕೊಂಡಿದ್ದೇನೆ. ಮೂಗು ಹಿಡಿದುಕೊಂಡು ಒಂದೇ ಉಸಿರಿಗೆ ಮುಗಿಸಬಹುದಲ್ವಾ?

ಎರಡು ವಾರದಿಂದ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬರು ಕೋಲ್ಡ್ ಪ್ರೆಸ್ ಬಿಟ್ಟರೆ ಬೇರೆ ಯಾವುದೂ ಬೇಡ ಅನ್ನುತ್ತಾರೆ. ಇನ್ನೊಬ್ಬರು ಜ್ಯೂಸರ್ ಅಂದರೆ ನಾರು ಬಿಸಾಡುವ ಯಂತ್ರ, ಬ್ಲೆಂಡರೇ ಸರಿ ಅನ್ನುತ್ತಾರೆ. ಮನೆಯಲ್ಲಿ ಹಳೆಯ ಮಿಕ್ಸಿ ಒಂದಿದೆ. "ಇನ್ನೊಂದು ಯಂತ್ರ ತಂದರೆ ಅದಕ್ಕೆ ಜಾಗ ಮಾಡಲು ನೀವು ಹೊರಗೆ ಹೋಗಬೇಕಾಗುತ್ತದೆ" ಅಂತ ಹೆಂಡತಿಯ ಎಚ್ಚರಿಕೆ. ಬಳಸಿದವರು ಹೇಳಿ. ಕ್ಯಾರೆಟ್, ಬೀಟ್‌ರೂಟ್, ಪಾಲಕ್, ಸೌತೆಕಾಯಿ, ಇಷ್ಟೇ ನನ್ನ ಪಟ್ಟಿ.

ನಾರುಬೇಕು
ಬ್ಲೆಂಡರ್. ಮುಂದಿನ ಪ್ರಶ್ನೆ?

ಬೆಳಗಿನಲೋಟ
ಇಷ್ಟು ಬೇಗ ತೀರ್ಪು ಕೊಡಬೇಡಿ ಸಾರ್. ನಾನು ನಾಲ್ಕು ವರ್ಷದಿಂದ ಕೋಲ್ಡ್ ಪ್ರೆಸ್ ಬಳಸುತ್ತಿದ್ದೇನೆ. ಒಳಗೆ ದಪ್ಪ ಸ್ಕ್ರೂ ಒಂದು ನಿಧಾನವಾಗಿ ತಿರುಗುತ್ತದೆ. ನಿಮಿಷಕ್ಕೆ 40ರಿಂದ 100 ಸುತ್ತು, ಅಷ್ಟೇ. ತರಕಾರಿಯನ್ನು ಜಾಲರಿಗೆ ಒತ್ತಿ ಒತ್ತಿ ಹಿಂಡುತ್ತದೆ. ಕ್ಯಾರೆಟ್ ಹಾಕಿದರೆ ಆ ಕಡೆಯಿಂದ ಬರುವ ಹಿಪ್ಪೆ ಮರದ ಹೊಟ್ಟಿನ ಹಾಗೆ ಉದುರುದುರು. ಪಾಲಕ್ ಕೂಡ ಚೆನ್ನಾಗಿ ಹಿಂಡುತ್ತದೆ, ನೊರೆ ಕಡಿಮೆ.

ಇವರಿಗೆ ಬಾಯಿಗೆ ಸಿಗುವ ತರಕಾರಿಯೇ ಆಗುವುದಿಲ್ಲ. ಅಂಥವರಿಗೆ ತೆಳ್ಳಗಿನ ಜ್ಯೂಸೇ ಗಂಟಲಲ್ಲಿ ಇಳಿಯುವುದು. ಹಸಿರು ಗಂಜಿಯನ್ನು ಮೂಗು ಹಿಡಿದುಕೊಂಡು ಕುಡಿಯಲು ಹೋದ ನನ್ನ ತಮ್ಮ ಮಧ್ಯದಲ್ಲಿ ಕೆಮ್ಮಿದ. ಗೋಡೆ ಒರೆಸಿದ್ದು ನಾನು.

ಸ್ಕ್ರೂಡ್ರೈವರ್
ಇಂಥ ಯಂತ್ರ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಆಗುತ್ತದೆ. "ಜ್ಯೂಸರ್" ಅಂತ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ.

ಬೇಗ ತಿರುಗುವ ಜ್ಯೂಸರ್ ಬಟ್ಟೆ ಹಿಂಡುವ ಡ್ರೈಯರ್ ಇದ್ದ ಹಾಗೆ. ತಳದಲ್ಲಿ ತುರಿಯುವ ಹಲ್ಲಿನ ತಟ್ಟೆ, ಸುತ್ತ ಜಾಲರಿ ಬುಟ್ಟಿ. ನಿಮಿಷಕ್ಕೆ ಸಾವಿರಾರು ಸುತ್ತು, ಕೆಲವು 10,000 ದಾಟುತ್ತವೆ. ತರಕಾರಿ ತುರಿದು ಗೋಡೆಗೆ ಎಸೆಯುತ್ತದೆ, ರಸ ತೂತಿನಿಂದ ಹೊರಗೆ. ಕ್ಯಾರೆಟ್, ಸೇಬು, ಬೀಟ್‌ರೂಟ್ ತರಹದ ಗಟ್ಟಿ ಸಾಮಾನಿಗೆ ಇದು ಪರವಾಗಿಲ್ಲ, ಒಂದು ನಿಮಿಷದ ಕೆಲಸ. ಸೊಪ್ಪು ಹಾಕಿದರೆ ಮಾತ್ರ ದುಡ್ಡು ದಂಡ. ಎಲೆ ಹಗುರ, ಹಲ್ಲಿಗೆ ಸಿಗದೆ ಹಾರಿಹೋಗಿ ಹಿಪ್ಪೆಯ ಡಬ್ಬಿಯಲ್ಲಿ ಒದ್ದೆಯಾಗಿ ಕೂತಿರುತ್ತದೆ.

ಬ್ಲೆಂಡರ್ ಹಿಂಡುವುದೇ ಇಲ್ಲ. ಹಾಕಿದ್ದೆಲ್ಲ ಲೋಟಕ್ಕೆ ಬರುತ್ತದೆ. ಇಲ್ಲಿ ವ್ಯಾಟ್ ನೋಡಿ ಮೋಸ ಹೋಗಬೇಡಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಎಷ್ಟೋ ಸಲ ಒಂದು ಕ್ಷಣ ಎಳೆಯುವ ಗರಿಷ್ಠ ಶಕ್ತಿ, ಸತತವಾಗಿ ಕೊಡುವುದಲ್ಲ. ಜಾರ್‌ನ ಆಕಾರ ಮುಖ್ಯ. ಒಳಗಿರುವುದು ಸುಳಿಯಾಗಿ ಕೆಳಗೆ ಇಳಿದು ಮತ್ತೆ ಮೇಲೆ ಬರುತ್ತಿರಬೇಕು. ಸುಳಿ ಏಳದಿದ್ದರೆ ಬ್ಲೇಡ್ ಗಾಳಿಯಲ್ಲಿ ತಿರುಗುತ್ತಿರುತ್ತದೆ, ಪಾಲಕ್ ಮೇಲೆ ಆರಾಮಾಗಿ ಮಲಗಿರುತ್ತದೆ.

ಇನ್ನೊಂದು. ನನ್ನ ಹತ್ತಿರ ಬರುವ ಬ್ಲೆಂಡರ್‌ಗಳಲ್ಲಿ ಮೋಟಾರ್ ಸುಟ್ಟಿರುವುದು ಕಡಿಮೆ. ಜಾರ್ ಮತ್ತು ಮೋಟಾರ್ ಸೇರುವ ಜಾಗದ ಕಪ್ಲರ್ ಸವೆದಿರುತ್ತದೆ, ಇಲ್ಲ ವಾಷರ್ ಹೋಗಿ ಕೆಳಗೆ ಸೋರುತ್ತಿರುತ್ತದೆ. ತಗೊಳ್ಳುವ ಮೊದಲು ಈ ಎರಡು ಬಿಡಿಭಾಗ ಸಿಗುತ್ತವಾ ಅಂತ ಕೇಳಿ. ಬಣ್ಣ ಆಮೇಲೆ ನೋಡಿದರಾಯಿತು.

ತರಕಾರಿದೂರ
ನಾನು ಬಣ್ಣ ಆಗಲೇ ನೋಡಿಟ್ಟಿದ್ದೆ ಸಾರ್. ಕೆಂಪು.

ಹಸಿರೇಉಸಿರು
ಯಾರೂ ಮುಖ್ಯ ವಿಷಯ ಹೇಳುತ್ತಿಲ್ಲ. ವೇಗವಾಗಿ ತಿರುಗಿದರೆ ಬಿಸಿ ಆಗುತ್ತದೆ, ಆ ಬಿಸಿಗೆ ತರಕಾರಿಯ ಕಿಣ್ವಗಳು ಸಾಯುತ್ತವೆ. ಸತ್ತ ಜ್ಯೂಸ್ ಕುಡಿದು ಏನು ಪ್ರಯೋಜನ? ಕೋಲ್ಡ್ ಪ್ರೆಸ್ ಮಾತ್ರ ಜೀವಂತ ಜ್ಯೂಸ್.

ಸ್ಕ್ರೂಡ್ರೈವರ್
ಅದನ್ನು ನಾನೂ ಕೇಳಿದ್ದೆ. ಅನುಮಾನ ಬಂದು ವೇಗದ ಜ್ಯೂಸರ್‌ನಲ್ಲಿ ಕ್ಯಾರೆಟ್ ಹಾಕಿ, ರಸಕ್ಕೆ ಥರ್ಮಾಮೀಟರ್ ಅದ್ದಿದೆ. ಎರಡು ಮೂರು ಡಿಗ್ರಿ ಏರಿತ್ತು. ಅಷ್ಟು ಬಿಸಿ ಲೋಟ ಕೈಯಲ್ಲಿ ಹಿಡಿದರೂ ಬರುತ್ತದೆ. ದೊಡ್ಡ ಬ್ಲೆಂಡರ್ ಐದಾರು ನಿಮಿಷ ಬಿಡದೆ ಓಡಿಸಿದರೆ ನಿಜವಾಗಿಯೂ ಆವಿ ಬರುವಷ್ಟು ಬಿಸಿಯಾಗುತ್ತದೆ. ಆದರೆ ಪಾಲಕ್‌ಗೆ ಒಂದು ನಿಮಿಷ ಸಾಕು.

ಪಥ್ಯದಕ್ಕ
ಕಿಣ್ವ ಅಂದರೆ ಪ್ರೋಟೀನ್. ಯಂತ್ರದಲ್ಲಿ ಉಳಿದುಕೊಂಡರೂ ಹೊಟ್ಟೆಯ ಆಮ್ಲಕ್ಕೆ ಬಿದ್ದ ಮೇಲೆ ಬಹುಪಾಲು ಜೀರ್ಣವಾಗಿ ಹೋಗುತ್ತದೆ. ನಮ್ಮ ಊಟ ಅರಗಿಸಲು ನಮ್ಮ ದೇಹದ ಕಿಣ್ವಗಳಿವೆ. ಜ್ಯೂಸ್‌ನಲ್ಲಿ ಕಳೆದುಕೊಳ್ಳುವ ಬಗ್ಗೆ ಚಿಂತೆ ಇದ್ದರೆ ಅದು ವಿಟಮಿನ್ ಸಿ. ಗಾಳಿಗೆ ಒಡ್ಡಿಕೊಂಡಷ್ಟೂ, ಹೊತ್ತು ಹೋದಷ್ಟೂ ಕಡಿಮೆಯಾಗುತ್ತದೆ. ಮಾಡಿದ ತಕ್ಷಣ ಕುಡಿದರೆ ಯಾವ ಯಂತ್ರವಾದರೂ ದೊಡ್ಡ ವ್ಯತ್ಯಾಸವಿಲ್ಲ.

ಹಸಿರೇಉಸಿರು
ನಿಮ್ಮ ನಂಬಿಕೆ ನಿಮಗೆ.

ಪಥ್ಯದಕ್ಕ
ಇದು ನಂಬಿಕೆ ಅಲ್ಲ ಮಾರಾಯರೇ, ಹೊಟ್ಟೆ.

ನಾರುಬೇಕು
ನನ್ನ ಒಂದು ಪದದ ಉತ್ತರಕ್ಕೆ ಬೈಸಿಕೊಂಡದ್ದರಿಂದ ಕಾರಣ ಬರೆಯುತ್ತೇನೆ. 1977ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಅಧ್ಯಯನ ಬಂದಿತ್ತು. ಹತ್ತು ಜನರಿಗೆ ಸೇಬನ್ನು ಮೂರು ರೀತಿ ಕೊಟ್ಟರು: ಇಡಿಯಾಗಿ, ನುಣ್ಣಗೆ ಅರೆದು, ರಸ ಮಾಡಿ. ಜ್ಯೂಸನ್ನು ಇಡೀ ಸೇಬಿಗಿಂತ 11 ಪಟ್ಟು ಬೇಗ ಮುಗಿಸಬಹುದಿತ್ತು, ಅರೆದದ್ದಕ್ಕಿಂತ 4 ಪಟ್ಟು ಬೇಗ. ಹೊಟ್ಟೆ ತುಂಬಿದ ಅನುಭವ ಇಡೀ ಸೇಬಿಗೆ ಜಾಸ್ತಿ, ಅರೆದದ್ದಕ್ಕೆ ಅದಕ್ಕಿಂತ ಕಡಿಮೆ, ಜ್ಯೂಸ್‌ಗೆ ಎಲ್ಲಕ್ಕಿಂತ ಕಡಿಮೆ. ಜ್ಯೂಸ್ ಕುಡಿದ ಮೇಲೆ ರಕ್ತದ ಸಕ್ಕರೆ ಏರಿ ಆಮೇಲೆ ಜಾಸ್ತಿ ಕುಸಿಯಿತು. ಹತ್ತೇ ಜನರ ಅಧ್ಯಯನ, ಒಪ್ಪಿಕೊಂಡೆ. ಆದರೆ ಜ್ಯೂಸ್ ಕುಡಿದು ಅರ್ಧ ಗಂಟೆಗೆ ಬಿಸ್ಕತ್ ಡಬ್ಬ ತೆಗೆದವರಿಗೆ ಅಧ್ಯಯನ ಬೇಕಾಗಿಲ್ಲ.

ಬೆಳಗಿನಲೋಟ
ಅದೇ ಅಧ್ಯಯನ ಸರಿಯಾಗಿ ಓದಿ. ಅರೆದದ್ದೂ ಇಡೀ ಸೇಬಿಗೆ ಸೋತಿದೆ. ನಿಮ್ಮ ಬ್ಲೆಂಡರ್ ಎರಡನೇ ಸ್ಥಾನ.

ನಾರುಬೇಕು
ಎರಡನೇ ಸ್ಥಾನ ಮೂರನೆಯದಕ್ಕಿಂತ ಮೇಲೆ ಅಲ್ವಾ?

ಅಟ್ಟದಮೇಲೆ
ಬ್ಲೇಡ್‌ಗೆ ಸಿಕ್ಕಿದರೆ ನಾರು ನಾಶ ಆಗುತ್ತದೆ ಅಂತಾರಲ್ಲ, ಹಾಗಿದ್ದರೆ ಬ್ಲೆಂಡರ್ ಯಾಕೆ?

ಪಥ್ಯದಕ್ಕ
ನಾಶ ಆಗುವುದಿಲ್ಲ, ಚಿಕ್ಕ ಚೂರಾಗುತ್ತದೆ. ಹಗ್ಗ ಕತ್ತರಿಸಿದರೆ ಹಗ್ಗವೇ ಅಲ್ವಾ? ಜ್ಯೂಸರ್‌ನಲ್ಲಿ ಮಾತ್ರ ಕರಗದ ನಾರಿನ ಬಹುಪಾಲು ಹಿಪ್ಪೆಯ ಜೊತೆ ಹೊರಗೆ ಹೋಗುತ್ತದೆ.

ಬ್ಲೆಂಡರ್ ಪಕ್ಷದವರು ಜಾಸ್ತಿ ಹಿಗ್ಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ, 25 ಗ್ರಾಂ ನಾರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ದಿನಕ್ಕೆ ಐದು ಪಾಲು ಅನ್ನುತ್ತದೆ. ಆದರೆ ಹಣ್ಣಿನ ಜ್ಯೂಸ್, ತರಕಾರಿ ಜ್ಯೂಸ್, ಸ್ಮೂದಿ ಎಲ್ಲಾ ಸೇರಿ 150 ಮಿಲಿ ಮೀರಬಾರದು, ಎಷ್ಟು ಕುಡಿದರೂ ಲೆಕ್ಕಕ್ಕೆ ಒಂದೇ ಪಾಲು ಅಂತ ಅವರ ನಿಯಮ. ಸ್ಮೂದಿಯೂ ಅದರಲ್ಲೇ ಬಂತು ನೋಡಿ. ದಿನಕ್ಕೆ ಮೂರು ಲೋಟ ಕುಡಿದು ತರಕಾರಿಯ ಸಾಲ ತೀರಿತು ಅಂದುಕೊಳ್ಳುವ ಹಾಗಿಲ್ಲ.

ತರಕಾರಿದೂರ ಅವರೇ, ನಿಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಲ್ಲು ಬಂದಿದೆಯಾ? ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ಳುತ್ತೀರಾ?

ತರಕಾರಿದೂರ
ಮಾತ್ರೆ ಇಲ್ಲ. ಕಲ್ಲು ಅಪ್ಪನಿಗೆ ಎರಡು ಸಲ ಬಂದಿತ್ತು. ಯಾಕೆ, ಹೆದರಿಸಬೇಡಿ.

ಪಥ್ಯದಕ್ಕ
ಹೆದರುವುದು ಬೇಡ, ಗೊತ್ತಿರಲಿ. ಪಾಲಕ್, ಬೀಟ್‌ರೂಟ್ ಎರಡರಲ್ಲೂ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಅಂಶ ಅದು. ತಿನ್ನುವಾಗ ಒಂದು ಹಿಡಿಗೆ ಸಾಕಾಗುತ್ತದೆ. ಹಿಂಡುವಾಗ ಒಂದಿಡೀ ಕಟ್ಟು ಒಂದು ಲೋಟಕ್ಕೆ ಹೋಗುತ್ತದೆ, ಕಷ್ಟ ಇರುವುದು ಅಲ್ಲೇ. ತಿಂಗಳುಗಟ್ಟಲೆ ದಿನವೂ ಹಾಗೆ ಕುಡಿದು ಕಿಡ್ನಿಗೆ ಪೆಟ್ಟು ಮಾಡಿಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಪ್ಪನಿಗೆ ಕಲ್ಲು ಬಂದಿದ್ದರೆ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿಯೇ ಶುರು ಮಾಡಿ. ಪಾಲಕ್ ದಿನವೂ ಬೇಡ, ಬೇರೆ ಸೊಪ್ಪು ಬದಲಾಯಿಸುತ್ತಿರಿ. ಮೊಸರಿನ ಜೊತೆ ಸೇರಿಸಿದರೆ ಅದರ ಕ್ಯಾಲ್ಸಿಯಂ ಕರುಳಲ್ಲೇ ಸ್ವಲ್ಪ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ.

ವಾರ್ಫರಿನ್ ಕೇಳಿದ್ದು ಬೇರೆಯವರೂ ಓದುತ್ತಾರೆ ಅಂತ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಇದ್ದಕ್ಕಿದ್ದಂತೆ ಸೊಪ್ಪಿನ ಪ್ರಮಾಣ ಏರಿಸಿದರೆ ಆ ಮಾತ್ರೆಯ ಕೆಲಸ ಏರುಪೇರಾಗುತ್ತದೆ.

ಸೌತೆಕಾಯಿ ಹಾಕುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಸೌತೆ, ಸೋರೆ, ಕುಂಬಳ ಜಾತಿಯ ಕಾಯಿ ವಿಪರೀತ ಕಹಿ ಇದ್ದರೆ ಅದು ಕುಕುರ್ಬಿಟಾಸಿನ್ ಅನ್ನುವ ವಿಷದ ಗುರುತು. ನಿಂಬೆರಸ ಹಿಂಡಿ ಕಹಿ ಮುಚ್ಚಿ ಕುಡಿಯಬೇಡಿ, ಬಿಸಾಡಿ.

ಕೆಂಪುನಾಲಿಗೆ
ಬೀಟ್‌ರೂಟ್ ಬಗ್ಗೆ ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಮೊದಲ ದಿನ ದೊಡ್ಡ ಲೋಟ ಕುಡಿದೆ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೆಳಗೆ ನೋಡಿ ಎದೆ ಧಸಕ್ ಅಂತು. ಪೂರ್ತಿ ಕೆಂಪು. ಹೆಂಡತಿಯನ್ನು ಎಬ್ಬಿಸಿ "ಆಸ್ಪತ್ರೆಗೆ ಹೋಗೋಣ" ಅಂದೆ. ಅವಳು ಕಣ್ಣೂ ತೆರೆಯದೆ "ನಿನ್ನೆ ಏನು ಕುಡಿದಿರಿ?" ಅಂತ ಕೇಳಿ ಮಗ್ಗುಲು ಬದಲಿಸಿದಳು.

ಪಥ್ಯದಕ್ಕ
ಹತ್ತರಲ್ಲಿ ಒಬ್ಬರಿಗೆ ಹೀಗೆ ಆಗುತ್ತದೆ, ತೊಂದರೆ ಇಲ್ಲ. ಕ್ಯಾರೆಟ್ ಜ್ಯೂಸ್ ವಾರಗಟ್ಟಲೆ ಜಾಸ್ತಿ ಕುಡಿದರೆ ಅಂಗೈ ಹಳದಿಯಾಗುವುದೂ ಇದೆ. ಕಣ್ಣಿನ ಬಿಳಿ ಹಳದಿಯಾಗದಿದ್ದರೆ ಅದು ಕಾಮಾಲೆ ಅಲ್ಲ, ಕ್ಯಾರೆಟ್. ಕಡಿಮೆ ಮಾಡಿದರೆ ನಿಧಾನವಾಗಿ ಹೋಗುತ್ತದೆ.

ತೊಳೆದುಸಾಕಾಯ್ತು
ಎಲ್ಲರೂ ಕುಡಿಯುವ ಬಗ್ಗೆಯೇ ಬರೆಯುತ್ತಿದ್ದೀರಿ. ತೊಳೆಯುವವರು ಯಾರು?

ನಮ್ಮ ಮನೆಯ ಕಥೆ ಕೇಳಿ. ಯಜಮಾನರು ಉತ್ಸಾಹದಿಂದ ಕೋಲ್ಡ್ ಪ್ರೆಸ್ ತಂದರು. ಒಂದು ಲೋಟ ಜ್ಯೂಸ್‌ಗೆ ತರಕಾರಿ ಹೆಚ್ಚಿ, ಒಂದೊಂದೇ ಚೂರು ಇಳಿಬಿಟ್ಟು, ಹಿಂಡಲು ಹದಿನೈದು ನಿಮಿಷ. ಕುಡಿಯಲು ಹತ್ತು ಸೆಕೆಂಡ್. ಆಮೇಲೆ ಸಿಂಕಿನಲ್ಲಿ ಏಳು ಭಾಗ: ಮುಚ್ಚಳ, ಸ್ಕ್ರೂ, ಜಾಲರಿ, ಬಟ್ಟಲು, ತಳ್ಳುವ ಕೋಲು, ಎರಡು ಪಾತ್ರೆ. ಜಾಲರಿಯ ತೂತು ಸೂಜಿಮೊನೆಯಷ್ಟು, ಒಂದೊಂದರಲ್ಲೂ ಸೆಲರಿಯ ನಾರು. ಅರ್ಧ ಗಂಟೆ ಬಿಟ್ಟು ತೊಳೆದರೆ ಸಿಮೆಂಟ್ ಆಗಿರುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್‌ನಲ್ಲಿ ಒಳಗಿನಿಂದ ಒಂದು ಸಲ, ಹೊರಗಿನಿಂದ ಒಂದು ಸಲ ತಿಕ್ಕಿ, ಬೆಳಕಿಗೆ ಹಿಡಿದು ನೋಡಬೇಕು. ಹಿಪ್ಪೆ ಹೊರಬರುವ ಬಾಯಿಯ ಹತ್ತಿರ ಒಂದು ರಬ್ಬರ್ ಬಿರಡೆ ಇದೆ. ಅದನ್ನು ತೆಗೆದು ತೊಳೆಯಬೇಕು ಅಂತ ನಮಗೆ ಗೊತ್ತಾಗಿದ್ದು ಮೂರು ವಾರದ ಮೇಲೆ, ವಾಸನೆಯಿಂದ.

ಐದನೇ ವಾರಕ್ಕೆ ಯಂತ್ರ ಬೀರುವಿನ ಮೇಲೆ ಹೋಯಿತು. ಯಜಮಾನರು ಅದರ ಬಗ್ಗೆ ಈಗ ಮಾತೇ ಎತ್ತುವುದಿಲ್ಲ.

ಅಟ್ಟದಮೇಲೆ
ನನ್ನದು ಅಟ್ಟದ ಮೇಲಿದೆ. ಮೂರು ಸಲ ಬಳಸಿದ್ದೇನೆ. ಜೊತೆಗೆ ಬಂದ ಬ್ರಷ್ ಇನ್ನೂ ಕವರ್‌ನಲ್ಲೇ ಇದೆ.

ಬೆಳಗಿನಲೋಟ
ತೊಳೆದುಸಾಕಾಯ್ತು ಅವರ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಾನು ಲೋಟ ಬಾಯಿಗೆ ಇಡುವ ಮೊದಲೇ ಜಾಲರಿ ನಲ್ಲಿಯ ಕೆಳಗೆ ಹಿಡಿಯುತ್ತೇನೆ, ಅದಕ್ಕೇ ನಾಲ್ಕು ವರ್ಷ ನಡೆದಿದೆ. ಪ್ಲಾಸ್ಟಿಕ್‌ಗೆ ಹತ್ತಿದ ಕ್ಯಾರೆಟ್ ಬಣ್ಣ ಸೋಪಿಗೆ ಹೋಗುವುದಿಲ್ಲ. ಒಂದು ಹನಿ ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು.

ಪಥ್ಯದಕ್ಕ
ಅದೇ ಕಾರಣಕ್ಕೆ ಕ್ಯಾರೆಟ್ ಕುಡಿಯುವಾಗ ಜೊತೆಗೆ ಏನಾದರೂ ಕೊಬ್ಬಿನಂಶ ಇರಲಿ, ನಾಲ್ಕು ಬಾದಾಮಿ ಆದರೂ ಸರಿ. ಆ ಬಣ್ಣದ ಅಂಶ, ಅಂದರೆ ಕೆರೋಟಿನ್, ಮೈಗೆ ಹತ್ತಲು ಕೊಬ್ಬು ಬೇಕು.

ಮಾತಿಗೆಮಾತು
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ಅಮೆರಿಕದಲ್ಲಿ ಜ್ಯೂಸೆರೋ ಅಂತ ಒಂದು ಯಂತ್ರ ಬಂದಿತ್ತು, ನೆನಪಿದೆಯಾ? ವೈಫೈ ಬೇರೆ ಇತ್ತು. ಕಂಪನಿಯೇ ತರಕಾರಿ ಹೆಚ್ಚಿ ಚೀಲದಲ್ಲಿ ಕಳಿಸುತ್ತಿತ್ತು, ಯಂತ್ರ ಆ ಚೀಲವನ್ನು ಒತ್ತುತ್ತಿತ್ತು. 2017ರಲ್ಲಿ ಪತ್ರಕರ್ತರು ಚೀಲವನ್ನು ಬರೀ ಕೈಯಲ್ಲಿ ಹಿಂಡಿ ತೋರಿಸಿದರು, ಹೆಚ್ಚುಕಡಿಮೆ ಅಷ್ಟೇ ಜ್ಯೂಸ್ ಬಂತು. ಅದೇ ವರ್ಷ ಕಂಪನಿ ಬಾಗಿಲು ಹಾಕಿತು.

ಸ್ಕ್ರೂಡ್ರೈವರ್
ಹಹ್ಹಾ. ಆ ಯಂತ್ರ ಬಿಚ್ಚಿದವರ ವಿಡಿಯೋ ನೋಡಿದ್ದೆ. ಒಳಗೆ ಎಂಥ ಗಟ್ಟಿ ಕೆಲಸ ಅಂತೀರಿ! ಚೀಲ ಹಿಂಡಲು ಅಷ್ಟು ಲೋಹ ಯಾಕೆ ಬೇಕಿತ್ತೋ. ಜಾರ್‌ನ ತಳದಲ್ಲಿ ಬ್ಲೇಡ್ ಇಡುವ ಉಪಾಯಕ್ಕೆ ಸ್ಟೀಫನ್ ಪೊಪ್ಲಾವ್‌ಸ್ಕಿ ಅನ್ನುವವರು ಪೇಟೆಂಟ್ ಪಡೆದದ್ದು 1920ರ ದಶಕದಲ್ಲಿ. ನೂರು ವರ್ಷ ಆಯಿತು, ಇವತ್ತಿನ ಬ್ಲೆಂಡರ್‌ನಲ್ಲೂ ಅದೇ ಉಪಾಯ.

ಸೂಪುಪ್ರಿಯೆ
ಹಸಿಯಾಗಿಯೇ ಯಾಕೆ ಕುಡಿಯಬೇಕು? ಬೇಯಿಸಿ ಅರೆದು ಸೂಪ್ ಮಾಡಿ. ಹಸಿವಾಸನೆ ಹೋಗುತ್ತದೆ, ಪಾಲಕ್ ಬೇಯಿಸಿದ ನೀರು ಚೆಲ್ಲಿದರೆ ಆಕ್ಸಲೇಟ್ ಕೂಡ ಸ್ವಲ್ಪ ಹೋಗುತ್ತದೆ. ಯಾವ ಮಿಕ್ಸಿಯಲ್ಲೂ ಆಗುತ್ತದೆ.

ಆದರೆ ಕುದಿಯುವುದನ್ನು ಜಾರ್‌ಗೆ ಸುರಿದು ಮುಚ್ಚಳ ಬಿಗಿದು ಆನ್ ಮಾಡಬೇಡಿ. ನಾನು ಮಾಡಿದ್ದೇನೆ. ಬ್ಲೇಡ್ ತಿರುಗಿದ ಕೂಡಲೇ ಆವಿ ಒಮ್ಮೆಲೇ ಎದ್ದು ಮುಚ್ಚಳ ಹಾರಿತು. ಕುಂಬಳಕಾಯಿ ಸೂಪ್ ಗಡಿಯಾರದ ಮೇಲೆ, ನನ್ನ ಮೊಣಕೈ ಮೇಲೆ. ಕಲೆ ಇನ್ನೂ ಇದೆ. ಈಗ ಪೂರ್ತಿ ಆರಿಸಿ, ಅರ್ಧ ಜಾರ್ ಮಾತ್ರ ಹಾಕಿ, ಅರೆದ ಮೇಲೆ ಮತ್ತೆ ಬಿಸಿ ಮಾಡುತ್ತೇನೆ. ಲೋಟವನ್ನೇ ತಿರುಗಿಸಿ ಕೂರಿಸುವ ಚಿಕ್ಕ ಬ್ಲೆಂಡರ್‌ಗಳಲ್ಲಂತೂ ಬಿಸಿಯದು ಬೇಡವೇ ಬೇಡ. ಆವಿ ಹೋಗಲು ದಾರಿಯೇ ಇರುವುದಿಲ್ಲ.

ತರಕಾರಿದೂರ
ಇಷ್ಟೆಲ್ಲಾ ಓದಿ ಯಂತ್ರದ ಆಸೆಯೇ ಅರ್ಧ ಇಳಿಯಿತು. ಕೊನೆಗೆ ಏನು ತಗೊಳ್ಳಲಿ?

ತೊಳೆದುಸಾಕಾಯ್ತು
ಏನೂ ತಗೊಳ್ಳಬೇಡಿ. ಮಿಕ್ಸಿ ಇದೆ ಅಂದಿರಲ್ಲ. ಅದರಲ್ಲೇ ಎರಡು ವಾರ ದಿನಾ ಮಾಡಿ, ನೀವೇ ತೊಳೆಯಿರಿ. ಜ್ಯೂಸ್ ಹೇಗಿರುತ್ತೆ ಅಂತ ನೋಡಬೇಕಾದರೆ ಅರೆದದ್ದನ್ನು ತೆಳುಬಟ್ಟೆಯಲ್ಲಿ ಹಿಂಡಿ. ಎರಡು ವಾರ ದಾಟಿದರೆ ಮಾತಾಡೋಣ.

ಸ್ಕ್ರೂಡ್ರೈವರ್
ಒಳ್ಳೆಯ ಮಾತು. ಮೊದಲು ನೀರು ಮತ್ತು ಸೊಪ್ಪು ಮಾತ್ರ ಹಾಕಿ ನುಣ್ಣಗೆ ಮಾಡಿ, ಆಮೇಲೆ ಗಟ್ಟಿ ತರಕಾರಿ ಸಣ್ಣಗೆ ಹೆಚ್ಚಿ ಹಾಕಿ. ಒಂದೇ ಸಲಕ್ಕೆ ತುಂಬಿದರೆ ಎಲೆ ಅರೆಯುವುದಿಲ್ಲ. ಒಂದು ನಿಮಿಷ ಓಡಿಸಿ, ಒಂದು ನಿಮಿಷ ಬಿಡಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, "ಇನ್ನೊಂದೇ ಸುತ್ತು" ಅನ್ನಬೇಡಿ.

ತರಕಾರಿದೂರ
ಹದಿನಾರು ದಿನ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನ ಪಾಲಕ್, ಸೌತೆಕಾಯಿ. ಎರಡು ಗುಟುಕಿಗೆ ನಿಲ್ಲಿಸಿದೆ. ಹುಲ್ಲು ನೆಕ್ಕಿದ ಹಾಗಿತ್ತು. ಎರಡನೇ ದಿನ ಬಟ್ಟೆಯಲ್ಲಿ ಹಿಂಡಿ ನೋಡಿದೆ. ಕುಡಿಯಲು ಸಲೀಸು, ನಿಜ. ಆದರೆ ಕೈಯಲ್ಲಿ ಉಳಿದ ಹಸಿರು ಉಂಡೆ ನೋಡಿ ಹೊಟ್ಟೆ ಉರಿಯಿತು. ಅಷ್ಟು ದೊಡ್ಡ ಕಟ್ಟಿಗೆ ಬಂದದ್ದು ಅರ್ಧ ಲೋಟ! ಹಸಿರಾದ ಆ ಬಟ್ಟೆ ಇನ್ನೂ ಬಿಳಿಯಾಗಿಲ್ಲ, ಅದರ ಲೆಕ್ಕ ಮನೆಯಲ್ಲಿ ಬೇರೆ ನಡೆಯುತ್ತಿದೆ.

ಐದನೇ ದಿನ ಅರ್ಧ ಸೇಬು, ಶುಂಠಿ, ನಿಂಬೆರಸ ಹಾಕಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿದೆ. ಇಳಿಯಿತು. ಆಮೇಲೆ ಬಟ್ಟೆ ಬಿಟ್ಟೆ, ಹಾಗೇ ಕುಡಿಯುತ್ತಿದ್ದೇನೆ. ಜಾರ್‌ಗೆ ನೀರು, ಒಂದು ಹನಿ ಸೋಪು ಹಾಕಿ ಒಂದು ಸುತ್ತು ತಿರುಗಿಸಿದರೆ ತೊಳೆದಂತೆಯೇ. ಹದಿನಾರರಲ್ಲಿ ಹನ್ನೆರಡು ದಿನ ಆಗಿದೆ. ಡಾಕ್ಟರಿಗೆ ಅಪ್ಪನ ಕಲ್ಲಿನ ವಿಷಯ ಹೇಳಿದೆ. ಪಾಲಕ್ ವಾರಕ್ಕೆ ಎರಡೇ ದಿನ, ನೀರು ಜಾಸ್ತಿ ಕುಡಿಯಿರಿ ಅಂದರು.

ಇನ್ನೊಂದು ವಿಚಿತ್ರ. ಮೊನ್ನೆ ಕ್ಯಾರೆಟ್ ಹೆಚ್ಚುತ್ತಾ ಹೆಚ್ಚುತ್ತಾ ಎರಡು ಚೂರು ಬಾಯಿಗೆ ಹಾಕಿಕೊಂಡಿದ್ದೆ. ನನಗೇ ಗೊತ್ತಾಗಲಿಲ್ಲ, ಮಗಳು ನೋಡಿ ಕೂಗಿದಳು.

ನಾರುಬೇಕು
ಬ್ಲೆಂಡರ್ ಗೆದ್ದಿತು ಅಂತ ಬರೆದುಕೊಳ್ಳಲಾ?

ಬೆಳಗಿನಲೋಟ
ಮಿಕ್ಸಿ ಗೆದ್ದಿದ್ದು. ಸುಮ್ನೆ ಇರಿ.

ತರಕಾರಿದೂರ
ಮಿಕ್ಸಿಯಲ್ಲಿ ಪಾಲಕ್ ದಂಟು ಮಾತ್ರ ನುಣ್ಣಗಾಗುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಸ್ಕ್ರೂಡ್ರೈವರ್ ಸಾರ್, ಬ್ಲೇಡ್ ಬದಲಾಯಿಸಿದರೆ ಸಾಕಾ?

ಸ್ಕ್ರೂಡ್ರೈವರ್
ಮೊದಲು ದಂಟು ಬಿಡಿಸಿ ಎಲೆ ಮಾತ್ರ ಹಾಕಿ ನೋಡಿ. ಆಗಲೂ ಸಿಕ್ಕಿದರೆ ಜಾರ್ ಬೋರಲು ಹಾಕಿ ಕಪ್ಲರನ್ನು ಕೈಯಲ್ಲಿ ತಿರುಗಿಸಿ. ಬ್ಲೇಡ್ ಅಲ್ಲಾಡುತ್ತಿದ್ದರೆ ಅದು ಕೂರುವ ಬುಷ್ ಸವೆದಿದೆ, ಬ್ಲೇಡ್ ಸೆಟ್ ಪೂರ್ತಿ ಬದಲಾಯಿಸಬೇಕು.

ಅಟ್ಟದಮೇಲೆ
ಮೂರು ಸಲ ಬಳಸಿದ ಜ್ಯೂಸರ್ ಯಾರಿಗಾದರೂ ಬೇಕಾ? ಬ್ರಷ್ ಹೊಸದು.

ತೊಳೆದುಸಾಕಾಯ್ತು
ಬ್ರಷ್ ಮಾತ್ರ ಕೊಡುತ್ತೀರಾ?